ಹೊಸ ಮನೆಯೂ ವಿದ್ಯುತ್ತಿನ ಲೆಕ್ಕವೂ

ಚಾಳಿನ ಒಂದು ಕೋಣೆಯನ್ನು ಬಿಟ್ಟು ಸ್ವಂತ ಮನೆಗೆ ಬರುವುದು ಮುಂಬಯಿಯ ನಮ್ಮ ಅನೇಕ ಕುಟುಂಬಗಳ ಬಹುದಿನದ ಆಸೆ. ಆದರೆ ಕೋಣೆಗಳು ಹೆಚ್ಚಿದಂತೆ ದೀಪ, ಪಂಖಗಳೂ ಹೆಚ್ಚುತ್ತವೆ. ಸಾಲದ ಕಂತಿನೊಡನೆ ವಿದ್ಯುತ್ತಿನ ಬಿಲ್ಲೂ ತಿಂಗಳ ಸಂಬಳಕ್ಕೆ ಕೈಚಾಚುತ್ತದೆ.

ಬಿಲ್ಲನ್ನು ತಗ್ಗಿಸಬೇಕಾದರೆ ಮೊದಲು ‘ಯೂನಿಟ್’ ಎಂದರೇನೆಂಬುದನ್ನು ನಾವು ಅರಿಯಬೇಕು. 1000 ವ್ಯಾಟಿನ ಉಪಕರಣವು ಒಂದು ಗಂಟೆ ನಡೆದರೆ ತಗಲುವ ವಿದ್ಯುತ್ತೇ ಒಂದು ಯೂನಿಟ್. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟಿನ ಹಳೆಯ ಬಲ್ಬು 30 ದಿನಗಳಲ್ಲಿ 9 ಯೂನಿಟ್ ನುಂಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ. ದಿನಕ್ಕೆ 12 ಗಂಟೆ ತಿರುಗುವ 75 ವ್ಯಾಟಿನ ಪಂಖಕ್ಕೆ ತಿಂಗಳಿಗೆ 27 ಯೂನಿಟ್ ಬೇಕು. 30 ವ್ಯಾಟಿನ ಹೊಸ ಬಗೆಯ ಪಂಖಕ್ಕೆ 11 ಸಾಕು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಮಹಾರಾಷ್ಟ್ರದಲ್ಲಿ ತಿಂಗಳ ಬಳಕೆಯು 100 ಯೂನಿಟ್ ದಾಟಿದರೆ, ದಾಟಿದ ಭಾಗಕ್ಕೆ ದರವೂ ಏರುತ್ತದೆ. 300 ದಾಟಿದರೆ ಮತ್ತಷ್ಟು. ಆದುದರಿಂದ ನಾವು ಉಳಿಸುವ ಯೂನಿಟ್ಟು ಯಾವಾಗಲೂ ಹೆಚ್ಚಿನ ಬೆಲೆಯದೇ.

ವಿದ್ಯಾರ್ಥಿಗಳೇ, ಪ್ರತಿ ಭಾನುವಾರ ಮನೆಯ ಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿರಿ, ಹಿಂದಿನ ವಾರದ್ದನ್ನು ಕಳೆಯಿರಿ. ಶಾಲೆಯಲ್ಲಿ ಕಲಿತ ವ್ಯವಕಲನವು ಮನೆಯ ಹೊರೆಯನ್ನು ಇಳಿಸಲಿ.