ಐಪಿಎ ಕುಡಿದಾಗ ನೆನಪಾದದ್ದು ಯುಗಾದಿಯ ಬೇವು

ಇವತ್ತಿನ ಸಂಚಿಕೆ ಬಿಯರ್ ಬಗ್ಗೆ. 21 ತುಂಬದವರು ಕೇಳಬಹುದು, ಕುಡಿಯೋ ಹಂಗಿಲ್ಲ.

ಈ ಸಂಚಿಕೆ ಮಾಡ್ಲೋ ಬ್ಯಾಡೋ ಅಂತ ಎರಡು ವಾರ ಯೋಚನೆ ಮಾಡೀನಿ. ನಾನು ಬೆಳೆದದ್ದು ರೋಣ ತಾಲೂಕಿನ ಅಸೂಟಿಯಲ್ಲಿ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಾನಿನ್ನೂ ಪ್ರಾಥಮಿಕ ಶಾಲೆ ಹುಡುಗ. ಅದಕ್ಕೂ ಮೊದಲು ಪ್ಯಾಕೆಟ್ ಹರಿದು, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಗಂಟಲಿಗೆ ಸುರ್ಕೊಳ್ಳೋರನ್ನ ನೋಡೀನಿ. ನಾಲಿಗಿಗೆ ಹತ್ತಬಾರದು, ಅದೇ ಉದ್ದೇಶ. ಆ ಮನೆಗಳ ಹೆಣ್ಮಕ್ಕಳು ಪಟ್ಟ ಕಷ್ಟಾನೂ ಗೊತ್ತು. ಹಂಗಾಗಿ ನಮ್ಮ ಕಡೆ ಕುಡಿತದ ಬಗ್ಗೆ ಮಾತಾಡೋಕೆ ನಶೆಯ ಮಾತು ಬೇಕಾದಷ್ಟು ಅವ, ರುಚಿಯ ಮಾತು ಹುಡುಕಬೇಕು. ಇವತ್ತು ಅದನ್ನೇ ಹುಡುಕೋಣ.

ಬೆಂಗಳೂರಿನ ಮ್ಯಾಗ್ರಾತ್ ರಸ್ತೆಯಲ್ಲಿ ಆರ್ಬರ್ ಬ್ರೂಯಿಂಗ್ ಕಂಪನಿ ಅಂತ ಒಂದು ಮೈಕ್ರೋಬ್ರೂವರಿ ಐತಿ. 2012ರಲ್ಲಿ ಶುರುವಾದದ್ದು, ಹೆಸರು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನ ಬ್ರೂವರಿಯಿಂದ ಬಂದದ್ದು. ಅಲ್ಲಿ ನಾ ಕುಡಿದದ್ದು ‘ರೇಜಿಂಗ್ ಎಲಿಫೆಂಟ್’, ಒಂದು ಐಪಿಎ. ಬಿಡಿಸಿ ಹೇಳಿದ್ರ ಇಂಡಿಯಾ ಪೇಲ್ ಏಲ್.

ಬಣ್ಣ ತಿಕ್ಕಿದ ತಾಮ್ರದ ತಂಬಿಗಿ ಇದ್ದಂಗ. ಮೂಗಿನ ಹತ್ರ ತಂದ ಕೂಡಲೇ ಘಾಟು. ಇಂಥ ಬಿಯರ್ ಬಗ್ಗೆ ಬರೆಯೋರೆಲ್ಲ ಗ್ರೇಪ್‌ಫ್ರೂಟ್, ಪೈನ್ ಮರ ಅಂತಾರ. ನಾ ಗ್ರೇಪ್‌ಫ್ರೂಟ್ ತಿಂದಿಲ್ಲ, ಪೈನ್ ಕಾಡು ಸಿನಿಮಾದಾಗ ನೋಡಿದ್ದು. ಆದ್ರ ಚಕ್ಕೋತ ಗೊತ್ತಲ್ಲ? ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಚಕ್ಕೋತದ ದಪ್ಪ ಸಿಪ್ಪೆಗೆ ಉಗುರು ಚುಚ್ಚಿದಾಗ ಬರೋ ವಾಸನೆ ಇಲ್ಲಿತ್ತು. ಅದರ ಹಿಂದೆ ಇನ್ನೊಂದು ವಾಸನೆ. ಎರಡು ನಿಮಿಷ ಯೋಚಿಸಿದ ಮೇಲೆ ಹೊಳೀತು: ಗಿಡದಿಂದ ಆಗಷ್ಟೇ ಹರಿದ ಮಾವಿನಕಾಯಿ ತೊಟ್ಟಿನ ಸೊನೆ. ಆಮೇಲೆ ಓದಿ ನೋಡಿದ್ರ, ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ಮೈರ್ಸೀನ್ ಅನ್ನೋ ಸುಗಂಧದ ಎಣ್ಣೆಯ ಅಂಶ ಮಾವಿನಲ್ಲೂ ಐತಿ, ಹಾಪ್‌ನಲ್ಲೂ ಐತಿ.

ಹಾಪ್ ಅಂದ್ರ ಒಂದು ಬಳ್ಳಿಯ ಹೂವು. ಚಳಿ ದೇಶದ ಬೆಳೆ. ನಮ್ಮ ಎರಿ ಹೊಲದಾಗ ಆಗೋದಲ್ಲ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದದ್ದುಂಟು. ಬಾರ್ಲಿಯ ಸಿಹಿ ರಸದಲ್ಲಿ ಇದನ್ನು ಬಹಳ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ವಾಸನೆ ಹಾರಿಹೋಗುತ್ತದೆ. ಕುದಿತದ ಕೊನೆಗೆ ಅಥವಾ ತಣ್ಣಗಾದ ಮೇಲೆ ಹಾಕಿದರೆ ವಾಸನೆ ಉಳಿಯುತ್ತದೆ. ಚಹಾಕ್ಕೆ ಯಾಲಕ್ಕಿ ಕೊನೆಗೆ ಹಾಕ್ತೀವಲ್ಲ, ಅದೇ ಲೆಕ್ಕ. ಐಪಿಎ ಮಾಡೋರು ಎರಡೂ ಹೊತ್ತಿನಾಗ ಧಾರಾಳವಾಗಿ ಹಾಕ್ತಾರ.

ಈಗ ಗುಟುಕು. ಮೊದಲು ಬಂದದ್ದು ಸಿಹಿ, ಹುರಿದ ಕಾಳು ಮತ್ತು ಪಾಕದ ನಡುವಿನ ರುಚಿ. ‘ಇಷ್ಟೇನಾ’ ಅನ್ನೋದ್ರೊಳಗ ನಾಲಿಗಿ ಹಿಂಬದಿಯಿಂದ ಕಹಿ ಎದ್ದು ಬಂತು. ನುಂಗಿದ ಮೇಲೂ ಹೋಗಲಿಲ್ಲ. ಹಾಗಲಕಾಯಿ ಕಹಿ ಥಟ್ಟಂತ ಹೊಡೀತೈತಿ. ಇದು ಮೆಂತ್ಯ ಅಗಿದಂಗ, ನಿಧಾನ, ಆಮೇಲೆ ಸ್ವಲ್ಪ ಒಗರು.

ಆಗ ನೆನಪಾದದ್ದು ಅವ್ವ ಯುಗಾದಿಗೆ ಮಾಡೋ ಬೇವು. ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳ್ತೀನಿ: ನಿಮ್ಮಲ್ಲಿ ಬೇವು-ಬೆಲ್ಲ ಚಿಟಿಕೆಯಷ್ಟು ತಿನ್ನೋದು, ನಮ್ಮಲ್ಲಿ ಬೇವು ಲೋಟದಾಗ ಕುಡಿಯೋದು. ಬೆಲ್ಲದ ನೀರು, ಹುಣಸೆ ರಸ, ಪುಟಾಣಿ ಹಿಟ್ಟು, ಮಾವಿನಕಾಯಿ, ಒಣಕೊಬ್ಬರಿ, ಮ್ಯಾಲೆ ಬೇವಿನ ಹೂ. ಸಿಹಿ, ಹುಳಿ ಅನ್ನೋದ್ರಾಗ ಹಲ್ಲಿಗೆ ಒಂದು ಹೂ ಸಿಗ್ತೈತಿ. ಬರೀ ಸಿಹಿ ಇದ್ರ ಅರ್ಧ ಲೋಟಕ್ಕೆ ಬ್ಯಾಸರಾಗ್ತಿತ್ತು. ಐಪಿಎ ನಿಂತಿರೋದೂ ಇದೇ ಸಮತೋಲನದ ಮ್ಯಾಲೆ. ಸಿಹಿ ಕಡಿಮೆ ಆದ್ರ ಕಷಾಯ, ಕಹಿ ಕಡಿಮೆ ಆದ್ರ ಸಪ್ಪೆ.

ಕಹಿ ಜಾಸ್ತಿ ಅಂದ್ರ ನಶೆ ಜಾಸ್ತಿ ಅಂತ ತಿಳ್ಕೊಬ್ಯಾಡ್ರಿ. ಕಹಿ ಅಳೆಯೋಕೆ ಐಬಿಯು ಅನ್ನೋ ಬೇರೆ ಅಳತೆಯೇ ಇದೆ. ಸಾಮಾನ್ಯ ಲಾಗರ್ ಬಿಯರ್ 10ರಿಂದ 20, ಅಮೆರಿಕನ್ ಶೈಲಿಯ ಐಪಿಎ 40ರಿಂದ 70. ಆಲ್ಕೋಹಾಲ್ ಮಾತ್ರ ಐಪಿಎಯಲ್ಲಿ ಸಾಮಾನ್ಯವಾಗಿ ಶೇ 5.5ರಿಂದ 7.5. ನಮ್ಮ ಬಾರ್‌ಗಳ ಸ್ಟ್ರಾಂಗ್ ಬಿಯರ್ ಶೇ 8ರವರೆಗೆ ಹೋಗ್ತೈತಿ, ಅದರಾಗ ಇಷ್ಟು ಕಹಿ ಇರಲ್ಲ.

ಇನ್ನು ಹೆಸರಿನ ಪ್ರಶ್ನೆ. ಇದು ಇಂಡಿಯಾದ್ದಾ? ಅಲ್ಲ. 18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಬ್ರೂವರಿಯ ಹಾಡ್ಸನ್ ಎಂಬುವವರ ಬಿಯರ್ ಈಸ್ಟ್ ಇಂಡಿಯಾ ಕಂಪನಿ ಹಡಗಿನಲ್ಲಿ ಇಲ್ಲಿಗೆ ಬರ್ತಿತ್ತು. ಆಫ್ರಿಕಾ ಸುತ್ತಿ ಬರೋಕೆ ತಿಂಗಳುಗಟ್ಟಲೆ. ಹಾಪ್‌ನಲ್ಲಿರುವ ಆಮ್ಲಗಳು ಹುಳಿ ಹಿಡಿಸುವ ಬ್ಯಾಕ್ಟೀರಿಯಾ ತಡೆಯೋದ್ರಿಂದ ಬಿಯರ್ ಕೆಡುತ್ತಿರಲಿಲ್ಲ. ಈ ಪ್ರಯಾಣಕ್ಕಂತಲೇ ಐಪಿಎ ಕಂಡುಹಿಡಿದರು ಅಂತ ಕಥೆ ಹೇಳ್ತಾರ, ಪೂರ್ತಿ ಖರೆ ಅಲ್ಲ. ಹೆಚ್ಚು ಹಾಪ್ ಹಾಕಿದ ಬಿಯರ್ ಮೊದಲೇ ಇತ್ತು, ಕಪ್ಪು ಪೋರ್ಟರ್ ಕೂಡ ಹಡಗಿನಾಗ ಬರ್ತಿತ್ತು. ‘ಇಂಡಿಯಾ ಪೇಲ್ ಏಲ್’ ಅನ್ನೋ ಹೆಸರು 1830ರ ದಶಕದಲ್ಲಿ ಇಂಗ್ಲೆಂಡಿನ ಜಾಹೀರಾತುಗಳಲ್ಲಿ ಕಾಣಿಸುತ್ತದೆ. ಅಂದ್ರ ‘ಇಂಡಿಯಾ’ ಅನ್ನೋದು ಪಾರ್ಸಲ್ ಮ್ಯಾಲಿನ ವಿಳಾಸ. ಕುಡಿದವರು ಇಲ್ಲಿದ್ದ ಕಂಪನಿ ಸಾಹೇಬರು.

ಬಿ.ಕಾಂ. ಬುದ್ಧಿ, ಬಿಲ್ ನೋಡದೆ ಇರಲಿಲ್ಲ. ಒಂದು ಗ್ಲಾಸಿನ ರೊಕ್ಕ ನಮ್ಮೂರಾಗ ಕಳೆ ತೆಗೆಯೋ ಹೆಣ್ಮಗಳ ಒಂದು ದಿನದ ಕೂಲಿ ಹತ್ರ ಹತ್ರ ಇತ್ತು. ಅದು ತಲಿಯಾಗ ಬಂದ ಮ್ಯಾಲೆ ಎರಡನೇದು ಹೇಳಲಿಲ್ಲ. ಒಂದನ್ನೇ ಮುಕ್ಕಾಲು ತಾಸು ಕುಡಿದೆ. ಅದರಿಂದ ಒಂದು ಲಾಭ ಆತು: ಬಿಯರ್ ಸ್ವಲ್ಪ ಬೆಚ್ಚಗಾದಂಗ ಮಾವಿನ ಸೊನೆ ವಾಸನೆ ಇನ್ನೂ ಚಲೋ ಬಿಚ್ಕೊಂತು. ತೀರಾ ತಣ್ಣಗಿದ್ರ ಮೂಗಿಗೆ ಏನೂ ಹತ್ತಂಗಿಲ್ಲ. ವಾಪಸ್ ಹೋಗಿದ್ದು ಮೆಟ್ರೋದಾಗ, ನೀವೂ ಗಾಡಿ ಮುಟ್ಟಬ್ಯಾಡ್ರಿ.

ರಾತ್ರಿ ಅವ್ವಗ ಫೋನ್ ಮಾಡಿ ಇದ್ದದ್ದು ಇದ್ದಂಗ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಬೇವು ಅಂದ್ರ ಹಬ್ಬ, ಅದನ್ನ ಇದಕ್ಕ ಹೋಲಿಸಬ್ಯಾಡ’ ಅಂದ್ಲು. ಹೋಲಿಸಿಬಿಟ್ಟೀನಿ. ಈ ಸಂಚಿಕೆ ಅವಳೂ ಕೇಳ್ತಾಳ, ಮುಂದಿನ ವಾರ ಏನಂದ್ಲು ಅಂತ ಹೇಳ್ತೀನಿ. ಅಷ್ಟರೊಳಗ ನಿಮ್ಮ ಕಡೆ ಕಹಿಗೆ, ಒಗರಿಗೆ ಏನೇನು ಮಾತು ಅವ, ವಾಯ್ಸ್ ನೋಟ್ ಮಾಡಿ ಕಳಿಸ್ರಿ.