ಆ್ಯಪ್ ತೆಗೆದರೂ ಫೋನಿನಲ್ಲಿ ಉಳಿಯುವ ಫೈಲುಗಳು: ಅಳಿಸುವ ಮುನ್ನ ತೆರೆದು ನೋಡಿ

ಸ್ವಸಹಾಯ ಸಂಘದ ವಾರದ ಸಭೆ ಮುಗಿದಿದೆ. ನಿರ್ಣಯ ಪುಸ್ತಕದ ಪುಟದ ಫೋಟೋ ತೆಗೆದು ಕಾರ್ಯಕರ್ತೆಗೆ ಕಳಿಸಬೇಕು. ಮೊಬೈಲ್ ಕೈಗೆತ್ತಿಕೊಂಡರೆ ‘ಸ್ಟೋರೇಜ್ ಫುಲ್’ ಎಂಬ ಸೂಚನೆ. “ಬೇಡದ ಆ್ಯಪ್ ಎಲ್ಲಾ ತೆಗೆದುಬಿಟ್ಟಿದ್ದೀನಲ್ಲ, ಮತ್ತೆ ಜಾಗ ಎಲ್ಲಿಗೆ ಹೋಯ್ತು?” ಈ ಮಾತನ್ನು ನಮ್ಮ ಸಂಘಗಳ ಸಭೆಗಳಲ್ಲಿ ಆಗಾಗ ಕೇಳುತ್ತಿದ್ದೇವೆ.

ಕಳೆದ ವರ್ಷ ಪುಸ್ತಕ ಬರೆಯುವ ಒಬ್ಬ ಅಕ್ಕ ಇದಕ್ಕೆ ತಾವೇ ಪರಿಹಾರ ಹುಡುಕಿಕೊಂಡರು. ಫೋನಿನ ಒಳಗೆ ‘ಶೇರ್‌ಇಟ್’ ಅಂತ ಒಂದು ಫೋಲ್ಡರ್ ಇತ್ತು. ಆ ಆ್ಯಪ್ ತೆಗೆದು ವರ್ಷಗಳೇ ಆಗಿದ್ದವು. ಹಳೇ ಕಸ ಅಂದುಕೊಂಡು ಇಡೀ ಫೋಲ್ಡರನ್ನೇ ಅಳಿಸಿದರು. ಜಾಗವೇನೋ ಸಿಕ್ಕಿತು. ಆದರೆ 2019ರಲ್ಲಿ ಮಗಳ ಪ್ರಥಮ ಪರಮಪ್ರಸಾದದ ದಿನ ಅಣ್ಣನ ಮಗ ತೆಗೆದು, ಅದೇ ಆ್ಯಪಿನ ಮೂಲಕ ಕಳಿಸಿದ್ದ ಫೋಟೋಗಳೂ ಅದರೊಳಗೇ ಇದ್ದವು. ಫೋಟೋ ದಿನಾಲೂ ಗ್ಯಾಲರಿಯಲ್ಲಿ ಕಾಣುತ್ತಿದ್ದರಿಂದ ಅವು ಗ್ಯಾಲರಿಯಲ್ಲೇ ಇವೆ ಅಂತ ಅವರು ನಂಬಿದ್ದರು. ಗ್ಯಾಲರಿ ಅನ್ನುವುದು ಕಿಟಕಿ ಇದ್ದಂತೆ. ಬೇರೆ ಬೇರೆ ಫೋಲ್ಡರಿನಲ್ಲಿರುವ ಫೋಟೋಗಳನ್ನು ಅದು ಒಂದೇ ಕಡೆ ತೋರಿಸುತ್ತದೆ ಅಷ್ಟೆ. ಅಣ್ಣನ ಮಗನ ಹಳೇ ಫೋನು ಎಂದೋ ಕೆಟ್ಟುಹೋಗಿತ್ತು. ಫೋಟೋಗಳು ಮತ್ತೆ ಸಿಗಲಿಲ್ಲ.

ಆ್ಯಪ್ ತೆಗೆದ ಮೇಲೂ ಅದರ ಫೈಲು ಯಾಕೆ ಉಳಿಯುತ್ತೆ? ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಬಾಡಿಗೆಯವರು ಹೋಗುವಾಗ ಕೋಣೆ ಖಾಲಿ ಮಾಡುತ್ತಾರೆ. ಆದರೆ ಹಿತ್ತಿಲಲ್ಲಿ, ಅಟ್ಟದಲ್ಲಿ ಇಟ್ಟ ಸಾಮಾನು ಅಲ್ಲೇ ಬಿದ್ದಿರುತ್ತೆ. ಆಂಡ್ರಾಯ್ಡ್ ಫೋನಿನಲ್ಲಿಯೂ ಪ್ರತಿ ಆ್ಯಪಿಗೆ ಒಂದು ಸ್ವಂತ ಕೋಣೆ ಇದೆ. ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಆ ಕೋಣೆಯನ್ನು ಫೋನೇ ಗುಡಿಸಿಬಿಡುತ್ತದೆ. ‘ಡೌನ್‌ಲೋಡ್’, ‘ಪಿಕ್ಚರ್ಸ್’, ‘ಡಾಕ್ಯುಮೆಂಟ್ಸ್’ ಮುಂತಾದ ಎಲ್ಲರಿಗೂ ಸೇರಿದ ಜಾಗದಲ್ಲಿ ಇಟ್ಟದ್ದನ್ನು ಮಾತ್ರ ಮುಟ್ಟುವುದಿಲ್ಲ. ಅದು ನಿಮ್ಮ ವಸ್ತು ಇರಬಹುದು ಅಂತಲೇ ಹಾಗೆ ಬಿಟ್ಟಿರುತ್ತದೆ.

ಹಿಂದೆ ಆ್ಯಪುಗಳು ತಮಗೆ ಬೇಕಾದ ಕಡೆ, ಬೇಕಾದ ಹೆಸರಿನಲ್ಲಿ ಫೋಲ್ಡರ್ ಮಾಡಿಕೊಳ್ಳಬಹುದಿತ್ತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಆಂಡ್ರಾಯ್ಡ್ 11 ಬಂದ ಮೇಲೆ ಈ ಸ್ವಾತಂತ್ರ್ಯಕ್ಕೆ ಕಡಿವಾಣ ಬಿತ್ತು. ಹಾಗಾಗಿ ನಮ್ಮ ಫೋನುಗಳಲ್ಲಿ ಕಾಣುವ ಅನಾಥ ಫೋಲ್ಡರುಗಳು ಹೆಚ್ಚಾಗಿ ಅದಕ್ಕೂ ಮುಂಚಿನವು. ಹೊಸ ಫೋನ್ ತಗೊಂಡಾಗ ಹಳೇದರಲ್ಲಿ ಇದ್ದದ್ದನ್ನೆಲ್ಲ ಅದಕ್ಕೆ ಹಾಕಿಸಿಕೊಳ್ಳುತ್ತೇವೆ, ಮೆಮೊರಿ ಕಾರ್ಡು ತೆಗೆದು ಇದಕ್ಕೆ ಹಾಕುತ್ತೇವೆ. ಅವುಗಳ ಜೊತೆ ಈ ಫೋಲ್ಡರುಗಳೂ ಬಂದುಬಿಡುತ್ತವೆ.

ಕೇಂದ್ರ ಸರ್ಕಾರ 2020ರ ಜೂನ್ 29ರಂದು 59 ಆ್ಯಪ್‌ಗಳನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಟಿಕ್‌ಟಾಕ್ ಹೆಸರು ಎಲ್ಲರ ಬಾಯಲ್ಲಿತ್ತು. ಆದರೆ ಹಳ್ಳಿಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತಿದ್ದ ಶೇರ್‌ಇಟ್, ಕ್ಸೆಂಡರ್, ಯುಸಿ ಬ್ರೌಸರ್, ಕ್ಯಾಮ್‌ಸ್ಕ್ಯಾನರ್ ಕೂಡ ಆ ಪಟ್ಟಿಯಲ್ಲಿದ್ದವು. ಅನೇಕರು ಆಗ ಅವನ್ನು ತೆಗೆದುಹಾಕಿದರು. ನಿಷೇಧವಾದದ್ದು ಆ್ಯಪಿಗೆ, ಅದು ನಿಮ್ಮ ಫೋನಿನಲ್ಲಿ ಇಟ್ಟುಹೋದ ಫೈಲಿಗೆ ಅಲ್ಲ. ಶೇರ್‌ಇಟ್ ಮತ್ತು ಕ್ಸೆಂಡರ್ ಹೆಸರಿನ ಫೋಲ್ಡರಿನಲ್ಲಿ ಬೇರೆಯವರು ಕಳಿಸಿದ ಫೋಟೋ, ವಿಡಿಯೋ, ಹಾಡು ಇರುತ್ತವೆ. ‘ಯುಸಿ ಡೌನ್‌ಲೋಡ್ಸ್’ ಅಂತಿದ್ದರೆ ಅಲ್ಲಿ ಸಿನಿಮಾ, ಹಾಡು ಜಾಸ್ತಿ. ಜಾಗ ತಿನ್ನುವುದು ಮುಖ್ಯವಾಗಿ ಇವೇ.

ಕ್ಯಾಮ್‌ಸ್ಕ್ಯಾನರ್ ವಿಷಯವೇ ಬೇರೆ. ಅದು ಜಾಗ ತಿನ್ನುವುದು ಕಡಿಮೆ, ಅಪಾಯ ಜಾಸ್ತಿ. ಬ್ಯಾಂಕಿನಲ್ಲಿ ಸಂಘದ ಖಾತೆ ತೆರೆಯುವಾಗ, ಸಾಲದ ಅರ್ಜಿ ಹಾಕುವಾಗ ಸದಸ್ಯರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕನ್ನು ಅದರಲ್ಲಿ ಸ್ಕ್ಯಾನ್ ಮಾಡಿದವರು ಎಷ್ಟೋ ಜನ. ಒಬ್ಬ ಪುಸ್ತಕ ಬರೆಯುವವರ ಫೋನಿನಲ್ಲಿ ಹದಿನೈದು ಹೆಂಗಸರ ದಾಖಲೆಗಳು ಇರಬಹುದು. ಫೋಟೋ ನೋಡಲು ಅನುಮತಿ ಪಡೆದ ಯಾವ ಆ್ಯಪಿಗಾದರೂ ಅವು ಕಾಣಿಸುತ್ತವೆ, ರಿಪೇರಿಗೆ ಕೊಟ್ಟ ಅಂಗಡಿಯವರಿಗೂ ಕಾಣಿಸುತ್ತವೆ. ಅವು ನಿಮ್ಮ ಸ್ವಂತದ್ದಲ್ಲ, ನಂಬಿ ಕೊಟ್ಟವರದ್ದು. ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ಫೋನಿನಲ್ಲಿ ಜಾಗ ಬೇಕಾದಷ್ಟು ಇದ್ದರೂ ಅಳಿಸಿ.

ಶುಚಿ ಮಾಡುವ ಕ್ರಮ ಕಷ್ಟದ್ದೇನಲ್ಲ, ಅರ್ಧ ಗಂಟೆ ಬಿಡುವು ಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್’ ತೆರೆದರೆ ಫೋಟೋ ಎಷ್ಟು, ವಿಡಿಯೋ ಎಷ್ಟು, ಆ್ಯಪ್ ಎಷ್ಟು ಜಾಗ ಹಿಡಿದಿದೆ ಅಂತ ಕಾಣುತ್ತೆ. (ಕನ್ನಡದಲ್ಲಿ ಇಟ್ಟುಕೊಂಡವರಿಗೆ ‘ಸಂಗ್ರಹಣೆ’ ಎಂದಿರಬಹುದು.) ಆಮೇಲೆ ಫೋನಿನಲ್ಲೇ ಬಂದಿರುವ ‘ಫೈಲ್ಸ್’ ಅಥವಾ ‘ಫೈಲ್ ಮ್ಯಾನೇಜರ್’ ತೆರೆದು ‘ಇಂಟರ್ನಲ್ ಸ್ಟೋರೇಜ್’ ಒಳಗೆ ಹೋಗಿ. ಅಲ್ಲಿ ಫೋಲ್ಡರುಗಳ ಹೆಸರು ಇಂಗ್ಲಿಷಿನಲ್ಲಿ ಇರುತ್ತವೆ, ಓದಲು ಬರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತೆಗೆದುಹಾಕಿದ ಆ್ಯಪಿನ ಹೆಸರು ಕಂಡರೆ ಫೋಲ್ಡರನ್ನು ತೆರೆದು ಒಳಗಿರುವುದನ್ನು ಒಂದೊಂದಾಗಿ ನೋಡಿ. ಬೇಕಾದ ಫೋಟೋಗಳನ್ನು ‘ಮೂವ್’ ಒತ್ತಿ ‘ಪಿಕ್ಚರ್ಸ್’ಗೆ ಹಾಕಿ. ಸಾಧ್ಯವಿದ್ದರೆ ಒಂದು ಪ್ರತಿಯನ್ನು ಕಂಪ್ಯೂಟರಿಗೋ ಮೆಮೊರಿ ಕಾರ್ಡಿಗೋ ಹಾಕಿಸಿ. ಹೊಸ ಜಾಗದಲ್ಲಿ ಫೋಟೋ ತೆರೆದುಕೊಳ್ಳುತ್ತದೆ ಅಂತ ಖಾತ್ರಿಯಾದ ಮೇಲೆಯೇ ಹಳೇ ಫೋಲ್ಡರ್ ಅಳಿಸಿ.

ಗೂಗಲ್‌ನ ‘ಫೈಲ್ಸ್’ ಆ್ಯಪಿನಲ್ಲಿ ‘ಟ್ರ್ಯಾಶ್’ಗೆ ಹಾಕಿದ ಫೈಲು 30 ದಿನ ಅಲ್ಲೇ ಇರುತ್ತದೆ, ತಪ್ಪಾಗಿದ್ದರೆ ವಾಪಸ್ ತರಬಹುದು. ಅಲ್ಲಿ ಇರುವವರೆಗೆ ಜಾಗವೂ ಖಾಲಿಯಾಗುವುದಿಲ್ಲ, ಗಾಬರಿಯಾಗಬೇಡಿ. ಮೇಲೆ ಹೇಳಿದ ಅಕ್ಕ ಬಳಸಿದ ಆ್ಯಪಿನಲ್ಲಿ ಈ ವ್ಯವಸ್ಥೆ ಇರಲಿಲ್ಲ.

‘ಆಂಡ್ರಾಯ್ಡ್’ ಎಂಬ ಫೋಲ್ಡರಿಗೆ ಕೈ ಹಾಕಬೇಡಿ, ಈಗಿನ ಫೋನುಗಳಲ್ಲಿ ವಾಟ್ಸಾಪ್ ಫೋಟೋಗಳು ಇರುವುದೂ ಅದರೊಳಗೇ. ‘ಡಿಸಿಐಎಂ’ ಅನ್ನುವುದರಲ್ಲಿ ನೀವು ಕ್ಯಾಮೆರಾದಲ್ಲಿ ತೆಗೆದ ಫೋಟೋಗಳಿರುತ್ತವೆ. ಹೆಸರು ಗೊತ್ತಾಗದ ಖಾಲಿ ಫೋಲ್ಡರುಗಳು ಹತ್ತಿದ್ದರೂ ಬಿಟ್ಟುಬಿಡಿ, ಅವು ಜಾಗ ಹಿಡಿಯುವುದಿಲ್ಲ. ಅವನ್ನು ಅಳಿಸಿ ಸಿಗುವ ಲಾಭ ಏನೂ ಇಲ್ಲ.

ಈಗ ಬಳಸುತ್ತಿರುವ ಆ್ಯಪಿನ ಸೆಟ್ಟಿಂಗಿನಲ್ಲಿ ಎರಡು ಬಟನ್ ಇರುತ್ತವೆ. ‘ಕ್ಲಿಯರ್ ಕ್ಯಾಶ್’ ಅಂದರೆ ತಾತ್ಕಾಲಿಕ ಫೈಲು ಅಳಿಸುವುದು, ಧೈರ್ಯವಾಗಿ ಒತ್ತಬಹುದು. ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಒತ್ತಿದರೆ ಆ್ಯಪು ಹೊಸದಾಗಿ ಹಾಕಿದ ಹಾಗೆ ಆಗಿಬಿಡುತ್ತೆ. ಹಣ ಕಳಿಸುವ ಆ್ಯಪ್ ಆಗಿದ್ದರೆ ಮತ್ತೆ ಮೊದಲಿಂದ ನೋಂದಣಿ ಮಾಡಬೇಕು. ಬ್ಯಾಕಪ್ ಇಲ್ಲದ ವಾಟ್ಸಾಪಿನಲ್ಲಿ ಒತ್ತಿದರೆ ಸಂಘದ ಗುಂಪಿನ ಹಳೇ ಮಾತುಕತೆ ಎಲ್ಲಾ ಹೋಯ್ತು. ಗೂಗಲ್ ಫೋಟೋಸ್ ಬಳಸುವವರು ಇನ್ನೊಂದು ನೆನಪಿಡಿ: ಬ್ಯಾಕಪ್ ಆದ ಫೋಟೋವನ್ನು ಅಲ್ಲಿ ‘ಡಿಲೀಟ್’ ಮಾಡಿದರೆ ಫೋನಿನಿಂದಲೂ ಹೋಗುತ್ತೆ, ಗೂಗಲ್ ಖಾತೆಯಿಂದಲೂ ಹೋಗುತ್ತೆ. ಫೋನಿನ ಜಾಗ ಮಾತ್ರ ಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನು ಒತ್ತಬೇಕು.

ಇಷ್ಟೆಲ್ಲಾ ಯಾಕೆ, ಒಂದು ಕ್ಲೀನರ್ ಆ್ಯಪ್ ಹಾಕಿಕೊಂಡರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. 2015ರ ಆಂಡ್ರಾಯ್ಡ್ 6 ಬಂದಾಗಿನಿಂದ ಹೊರಗಿನ ಆ್ಯಪು ಬೇರೆ ಆ್ಯಪುಗಳ ಕ್ಯಾಶನ್ನು ತಾನಾಗಿಯೇ ಅಳಿಸಲು ಫೋನು ಬಿಡುವುದಿಲ್ಲ. “ನಿಮ್ಮ ಫೋನಿನಲ್ಲಿ ಇಷ್ಟು ಕಸ ಇದೆ” ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿ, ಜಾಹೀರಾತು ತೋರಿಸುವುದೇ ಅಂಥ ಅನೇಕ ಆ್ಯಪುಗಳ ಕೆಲಸ. ಅದಕ್ಕೆ ‘ಎಲ್ಲಾ ಫೈಲುಗಳ ಅನುಮತಿ’ ಕೊಟ್ಟರೆ ಆ ಹದಿನೈದು ಹೆಂಗಸರ ಆಧಾರ್ ಕಾರ್ಡುಗಳನ್ನೂ ಅದರ ಕೈಗೆ ಕೊಟ್ಟಂತೆ. ಆಗಿನ ಜನಪ್ರಿಯ ಕ್ಲೀನ್ ಮಾಸ್ಟರ್ ಕೂಡ 2020ರ ಆ 59ರ ಪಟ್ಟಿಯಲ್ಲೇ ಇತ್ತು.

ಫೋನಿನ ಹೊರಗೆ ಉಳಿಯುವುದನ್ನೂ ಹೇಳಬೇಕು. ಆ್ಯಪ್ ತೆಗೆದ ಮಾತ್ರಕ್ಕೆ ಅದರಲ್ಲಿ ನೀವು ತೆರೆದ ಖಾತೆ ಮುಚ್ಚುವುದಿಲ್ಲ, ತಿಂಗಳು ತಿಂಗಳು ಹಣ ಕಡಿತವಾಗುವ ‘ಆಟೋಪೇ’ಯೂ ನಿಲ್ಲುವುದಿಲ್ಲ. ಮೊದಲು ಖಾತೆ ಅಳಿಸಿ, ಆಟೋಪೇ ರದ್ದು ಮಾಡಿ, ಆಮೇಲೆ ಆ್ಯಪ್ ತೆಗೆಯಿರಿ. ಸಾಲದ ಆ್ಯಪುಗಳಲ್ಲಿ ಇದು ಇನ್ನೂ ಮುಖ್ಯ. ಸಾಲಗಾರರ ಫೋನಿನ ಫೈಲು, ಹೆಸರು-ನಂಬರುಗಳ ಪಟ್ಟಿ, ಕರೆಗಳ ವಿವರವನ್ನು ಇಂಥ ಆ್ಯಪುಗಳು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚನೆ ಹೊರಡಿಸಿತು. ಆದರೂ ಕಳ್ಳ ಆ್ಯಪುಗಳು ಮುಟ್ಟುತ್ತವೆ. ಒಮ್ಮೆ ಅವರ ಕಂಪ್ಯೂಟರಿಗೆ ಹೋದ ಪಟ್ಟಿ ನೀವು ಆ್ಯಪ್ ಅಳಿಸಿದರೂ ಅಲ್ಲೇ ಇರುತ್ತೆ. ಬೆದರಿಕೆ ಬರುತ್ತಿದ್ದರೆ ಫೋನ್ ಶುಚಿ ಮಾಡುವ ಅವಸರ ಬೇಡ. ಬಂದ ಸಂದೇಶ, ಸ್ಕ್ರೀನ್‌ಶಾಟ್, ಹಣ ಕಟ್ಟಿದ ವಿವರ ಎಲ್ಲವನ್ನೂ ಹಾಗೇ ಇಟ್ಟುಕೊಂಡು 1930ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಿದ್ದರೆ ನಿಮ್ಮ ವಲಯದ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ.

ಹಬ್ಬದ ಆಫರಿನಲ್ಲಿ ಹಳೇ ಫೋನ್ ಕೊಟ್ಟು ಹೊಸದು ತರುವವರು ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಗೂಗಲ್ ಖಾತೆ ತೆಗೆದು ‘ಫ್ಯಾಕ್ಟರಿ ರೀಸೆಟ್’ ಮಾಡಿ. ರೀಸೆಟ್ ಮಾಡಿದರೂ ಮೆಮೊರಿ ಕಾರ್ಡಿನಲ್ಲಿ ಇರುವುದು ಸಾಮಾನ್ಯವಾಗಿ ಅಳಿಯುವುದಿಲ್ಲ. ಸಿಮ್ ತೆಗೆಯುವಾಗಲೇ ಕಾರ್ಡನ್ನೂ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ.