ಭುಜದ ಕೀಲುನೋವು ಮತ್ತು ಚುಚ್ಚುಮದ್ದು

ಆಗುಂಬೆಯ ಸುತ್ತಣ ಗ್ರಾಮಗಳಲ್ಲಿ ದುಡಿಮೆಯೆಂದರೆ ಬಹುಪಾಲು ತೋಳಿನ ದುಡಿಮೆಯೇ. ದೋಟಿ ಹಿಡಿದು ಅಡಿಕೆಗೊನೆ ಇಳಿಸಲು, ಸೊಪ್ಪಿನ ಹೊರೆ ಎತ್ತಲು, ಬಾವಿಯಿಂದ ನೀರು ಸೇದಲು ಭುಜದ ಕೀಲು ಸರಾಗವಾಗಿ ತಿರುಗಬೇಕು. ಅದು ಬಿಗಿದರೆ ಸಂಸಾರದ ಅರ್ಧ ಕೆಲಸ ನಿಂತಂತೆಯೇ.

40 ರಿಂದ 60 ವರ್ಷದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ ಮತ್ತು ಸಕ್ಕರೆ ಕಾಯಿಲೆಯುಳ್ಳವರಲ್ಲಿ, ಈ ಕೀಲಿನ ಸುತ್ತಲಿನ ಪೊರೆಯು ಉರಿಯೂತದಿಂದ ದಪ್ಪಗಾಗಿ ಕುಗ್ಗುವುದುಂಟು. ಮೊದಲು ನೋವು ಕಾಣಿಸುತ್ತದೆ. ಆ ಮಗ್ಗುಲಿಗೆ ಮಲಗಿದಾಗ ಅದು ಹೆಚ್ಚುತ್ತದೆ. ಅನಂತರ ತಲೆ ಬಾಚುವುದೂ ರವಿಕೆ, ಅಂಗಿ ತೊಡುವುದೂ ಕಷ್ಟವಾಗುತ್ತದೆ. ತಾನಾಗಿಯೇ ಸಡಿಲಗೊಳ್ಳಲು 1 ರಿಂದ 3 ವರ್ಷ ಹಿಡಿಯಬಹುದು.

ಇಂತಹ ನೋವಿಗೆ ವೈದ್ಯರು ಉರಿಯೂತವನ್ನು ತಗ್ಗಿಸುವ ಸ್ಟೆರಾಯ್ಡ್ ಔಷಧವನ್ನು, ಸಾಮಾನ್ಯವಾಗಿ ಮರಗಟ್ಟಿಸುವ ಮದ್ದಿನೊಡನೆ, ಕೀಲಿನೊಳಕ್ಕೇ ಚುಚ್ಚುತ್ತಾರೆ. ಸೊಂಟಕ್ಕೆ ಹಾಕುವ ನೋವಿನ ಸೂಜಿ ಬೇರೆ, ಇದು ಬೇರೆ. ತರಬೇತಿ ಇಲ್ಲದವರಿಂದ ಇದನ್ನು ಎಂದಿಗೂ ಹಾಕಿಸಿಕೊಳ್ಳಬಾರದು. ಶುಚಿತ್ವ ತಪ್ಪಿದರೆ ಕೀಲಿನಲ್ಲಿ ಕೀವಾಗಬಹುದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಅವಶ್ಯವಿದ್ದಲ್ಲಿ ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಮೂಳೆ ತಜ್ಞರನ್ನು ಕಾಣಿರಿ.

ಸಕ್ಕರೆ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲೂಡಿಸುತ್ತಿದ್ದರೆ ಮುಂಚೆಯೇ ವೈದ್ಯರಿಗೆ ತಿಳಿಸತಕ್ಕದ್ದು. ಈ ಔಷಧದಿಂದ ಕೆಲವು ದಿನಗಳವರೆಗೆ ರಕ್ತದ ಸಕ್ಕರೆ ಏರಬಹುದು. ಕೆಲವು ಸ್ತ್ರೀಯರಿಗೆ ಒಂದೆರಡು ಬಾರಿ ಮುಟ್ಟಿನಲ್ಲಿ ಏರುಪೇರಾಗಬಹುದು. ಮೊದಲ ಒಂದೆರಡು ದಿನ ನೋವು ಹೆಚ್ಚಾದರೆ ಗಾಬರಿ ಬೇಡ. ಆದರೆ ಜ್ವರ ಬಂದು ಭುಜ ಕೆಂಪಾಗಿ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಧಾವಿಸಿರಿ.

ಚುಚ್ಚುಮದ್ದು ನೋವನ್ನು ಕೆಲವು ವಾರ ತಗ್ಗಿಸುತ್ತದೆ. ಬಿಗಿದ ಕೀಲನ್ನು ಸಡಿಲಿಸಲು ವ್ಯಾಯಾಮವೂ ಬೇಕು. ಒಂದೆರಡು ದಿನ ಭಾರದ ಕೆಲಸ ಬಿಟ್ಟು, ಅನಂತರ ವೈದ್ಯರು ಹೇಳಿದಂತೆ ಆರಂಭಿಸಿರಿ. ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ತೊಟ್ಟಿಲಿನಂತೆ ಮೆಲ್ಲನೆ ತೂಗಿರಿ. ಗೋಡೆಯ ಮೇಲೆ ಬೆರಳುಗಳನ್ನು ಹಂತ ಹಂತವಾಗಿ ಮೇಲೇರಿಸಿರಿ. ನೋವು ಮರುಕಳಿಸಿತೆಂದು ಪದೇಪದೇ ಸೂಜಿ ಕೇಳಬೇಡಿರಿ. ಹೆಚ್ಚು ಬಾರಿ ಹಾಕಿಸಿಕೊಂಡರೆ ಸ್ನಾಯುರಜ್ಜುಗಳು ದುರ್ಬಲವಾಗಬಹುದು.

ಎಡಭುಜದ ನೋವಿನೊಡನೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಕಂಡುಬಂದರೆ ಅದು ಹೃದಯಾಘಾತವಿರಬಹುದು. ತಡಮಾಡದೆ 108 ಕ್ಕೆ ಕರೆಮಾಡಿರಿ.

ಗೃಹಿಣಿಯ ತೋಳು ಏಳದಿದ್ದಾಗ ನೀರಿನ ಕೊಡವನ್ನು ಪತಿ ಹೊರಲಿ; ಪತಿಯ ತೋಳು ಏಳದಿದ್ದಾಗ ದೋಟಿಯ ಕೆಲಸಕ್ಕೆ ಬೇರೊಬ್ಬರನ್ನು ಕರೆಯಿರಿ. ನೋವನ್ನು ಮುಚ್ಚಿಟ್ಟು ದುಡಿಯುವುದು ಮನೆಗೆ ಲಾಭವಲ್ಲ. ಸಕಾಲದ ಚಿಕಿತ್ಸೆ, ನಿತ್ಯದ ವ್ಯಾಯಾಮ ಮತ್ತು ಪರಸ್ಪರ ನೆರವು ಸೇರಿದರೆ ತೋಳು ಮರಳಿ ದುಡಿಮೆಗೆ ಒದಗುವುದು.